ಪೇಂಟ್‌ಬಾಲ್ ಮಾರ್ಕರ್‌ನ ವಾಲ್ವ್ ಮತ್ತು ಸ್ಪ್ರಿಂಗ್: ಒಳಗೆ ಏನು ನಡೆಯುತ್ತದೆ, ಕೆಟ್ಟರೆ ಎಲ್ಲಿಂದ ನೋಡಬೇಕು

ಬಣ್ಣದ ಬಾಲ್ ಹೊಡೆದು ಆಡುವ ಪೇಂಟ್‌ಬಾಲ್ ಆಟದ ಗನ್ನಿಗೆ ಮಾರ್ಕರ್ ಅನ್ನುತ್ತಾರೆ. ಬಾಲ್ ಮುಂಚಿನಷ್ಟು ದೂರ ಹೋಗ್ತಿಲ್ಲ ಅಂದ ಕೂಡಲೇ ಪೇಂಟ್‌ಬಾಲ್ ಆಡುವವರು ಹೇಳುವ ಮೊದಲ ಮಾತು, "ಸ್ಪ್ರಿಂಗ್ ಹೋಗಿರಬೇಕು." ಸ್ಪ್ರಿಂಗ್ ಕಿಟ್ ತರಿಸಿ ಹಾಕಿದ್ದೂ ಆಗುತ್ತದೆ, ತೊಂದರೆ ಮಾತ್ರ ಅಲ್ಲೇ ಇರುತ್ತದೆ. ಯಾಕಂದ್ರೆ ಬಾಲ್ ತಳ್ಳುವುದು ಗ್ಯಾಸ್. ತೆರೆದ ವಾಲ್ವನ್ನು ಮುಚ್ಚುವುದೂ ಬಹುಪಾಲು ಗ್ಯಾಸೇ. ವಾಲ್ವಿಗೆ ಬಡಿದು ತೆರೆಯುವ ತುಂಡು, ಅಂದರೆ ಹ್ಯಾಮರನ್ನು, ಹಿಂದಕ್ಕೆ ಒದ್ದು ಮುಂದಿನ ಶಾಟ್‌ಗೆ ಸಿದ್ಧ ಮಾಡುವುದೂ ಗ್ಯಾಸೇ. ವಾಲ್ವ್ ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದರಲ್ಲಷ್ಟೇ ಸ್ಪ್ರಿಂಗ್‌ಗಳ ಕೈವಾಡ. ಇದು ತಲೆಗೆ ಹೊಕ್ಕರೆ ಅರ್ಧ ರಿಪೇರಿ ಕಲಿತಂತೆ.

ಉದಾಹರಣೆಗೆ ಎರಡು ಮಾರ್ಕರ್ ಇಟ್ಟುಕೊಳ್ಳುತ್ತೇನೆ: ಟಿಪ್‌ಮನ್ 98 ಕಸ್ಟಮ್ ಮತ್ತು ಕಿಂಗ್‌ಮನ್ ಕಂಪನಿಯ ಸ್ಪೈಡರ್. ಎರಡೂ ಬ್ಲೋಬ್ಯಾಕ್ ಜಾತಿಯವು, ಅಂದರೆ ಹಾರಿಸಿದ ಗ್ಯಾಸಿನ ಒಂದು ಪಾಲನ್ನೇ ಬಳಸಿಕೊಂಡು ತಾವೇ ಮತ್ತೆ ಕಾಕ್ ಆಗುವವು (ಹ್ಯಾಮರ್ ಹಿಂದೆ ಸರಿದು ಮುಂದಿನ ಶಾಟ್‌ಗೆ ಸಿದ್ಧವಾಗುವುದೇ ಕಾಕ್). ಬಾಡಿಗೆಗೆ ಕೊಡುವ ಮಾರ್ಕರ್‌ಗಳು ಎಲ್ಲೆಡೆ ಹೆಚ್ಚಾಗಿ ಈ ಜಾತಿಯವೇ. ಬೆಂಗಳೂರಿನ ಸುತ್ತಮುತ್ತ ಆಫೀಸಿನವರ ಜೊತೆ ಆಡಲು ಹೋಗಿದ್ದರೆ ನಿಮ್ಮ ಕೈಗೂ ಇಂಥದ್ದೇ ಬಂದಿರಬಹುದು.

ಬಿಚ್ಚುವ ಮೊದಲು

ಇಲ್ಲಿ ಮಾತ್ರ ಚೌಕಾಸಿ ಇಲ್ಲ. ಮೊದಲು ಮುಖಕ್ಕೆ ಪೇಂಟ್‌ಬಾಲ್ ಮಾಸ್ಕ್, ಬ್ಯಾರೆಲ್‌ಗೆ ಕವರ್. ಬಾಲ್ ತುಂಬಿಡುವ ಹಾಪರ್ ತೆಗೆದು, ಬ್ರೀಚ್‌ನಲ್ಲಿ (ಬ್ಯಾರೆಲ್ ಹಿಂದೆ ಬಾಲ್ ಇಳಿದು ಕೂರುವ ಜಾಗ) ಬಾಲ್ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಸಿಲಿಂಡರನ್ನು ಮಾರ್ಕರ್‌ನಿಂದ ತಿರುಗಿಸಿ ಬಿಚ್ಚಿ. ಸ್ವಲ್ಪ ತಿರುಗಿಸುವಷ್ಟರಲ್ಲಿ ಸಿಲಿಂಡರ್ ತುದಿಯ ಪಿನ್ ಮುಚ್ಚಿಕೊಳ್ಳುತ್ತದೆ, ಆದರೆ ಮಾರ್ಕರ್ ಒಳಗೆ ಗ್ಯಾಸ್ ಉಳಿದಿರುತ್ತದೆ. ಯಾರೂ ಇಲ್ಲದ ಕಡೆ ತಿರುಗಿಸಿ, ಸದ್ದೇ ಬರದಷ್ಟು ಸಲ ಕಾಕ್ ಮಾಡಿ ಟ್ರಿಗರ್ ಎಳೆಯಿರಿ. ಕೊನೆಗೆ ಹ್ಯಾಮರ್ ಮುಂದೆ ಬಂದು ನಿಂತಿರಬೇಕು.

ಬಿಚ್ಚಬೇಕಾದ್ದು ಸಿಲಿಂಡರ್ ಮತ್ತು ಮಾರ್ಕರ್ ನಡುವಿನ ಕೀಲು. ಸಿಲಿಂಡರಿಗೂ ಅದರ ತಲೆಯ ವಾಲ್ವಿಗೂ ನಡುವಿನ ಕೀಲು ಅಲ್ಲ. ಎರಡನೆಯದು ಸಡಿಲಾಗಿ ಸಿಲಿಂಡರ್ ರಾಕೆಟ್ಟಿನ ಹಾಗೆ ಹಾರಿ, ಅಮೆರಿಕದಲ್ಲಿ ಜನ ಸತ್ತಿದ್ದೂ ಉಂಟು. ತಿರುಗಿಸುವಾಗ ವಾಲ್ವ್ ಕೂಡ ಸಿಲಿಂಡರಿನ ಜೊತೆಗೇ ತಿರುಗಬೇಕು. ಸಿಲಿಂಡರ್ ಮಾತ್ರ ತಿರುಗುತ್ತಿದೆ ಅನ್ನಿಸಿದರೆ ತಕ್ಷಣ ನಿಲ್ಲಿಸಿ, ತಿಳಿದವರ ಕೈಗೆ ಕೊಡಿ. ಗುರುತಿಗೆ ವಾಲ್ವ್ ಮೇಲೂ ಸಿಲಿಂಡರ್ ಮೇಲೂ ಸೇರುವಂತೆ ಒಂದು ಗೆರೆ ಬಣ್ಣ ಹಚ್ಚಿಡುವುದು ಒಳ್ಳೆಯದು. ಗೆರೆ ತುಂಡಾದರೆ ಗೊತ್ತಾಗುತ್ತದೆ.

ಒಂದು ಶಾಟ್‌ನಲ್ಲಿ ಏನೇನಾಗುತ್ತದೆ

ಸ್ಪೈಡರನ್ನು ಬದಿಯಿಂದ ನೋಡಿ. ಒಂದರ ಮೇಲೊಂದು ಎರಡು ಕೊಳವೆ. ಮೇಲಿನದರಲ್ಲಿ ಬಾಲನ್ನು ಮುಂದಕ್ಕೆ ನೂಕುವ ಬೋಲ್ಟ್, ಕೆಳಗಿನದರಲ್ಲಿ ಹ್ಯಾಮರ್. ಎರಡನ್ನೂ ಒಂದು ಪಿನ್ ಜೋಡಿಸಿರುತ್ತದೆ, ಹಾಗಾಗಿ ಒಂದು ಓಡಿದರೆ ಇನ್ನೊಂದೂ ಓಡಬೇಕು. ಹ್ಯಾಮರ್ ಹಿಂದೆ ದೊಡ್ಡ ಸ್ಪ್ರಿಂಗ್ ಇದೆ, ಇದಕ್ಕೆ ಮೇನ್ ಸ್ಪ್ರಿಂಗ್ ಅನ್ನುತ್ತಾರೆ. ಹ್ಯಾಮರ್ ಮುಂದೆ ವಾಲ್ವ್. ಟಿಪ್‌ಮನ್ 98ರಲ್ಲಿ ಇದೆಲ್ಲ ಒಂದೇ ಸಾಲಿನಲ್ಲಿದೆ: ಮುಂದೆ ಬೋಲ್ಟ್, ನಡುವೆ ವಾಲ್ವ್, ಹಿಂದೆ ಹ್ಯಾಮರ್. ವಾಲ್ವಿನ ಪಕ್ಕದಲ್ಲಿ ಹಾದುಹೋಗುವ ಉದ್ದನೆಯ ಸರಳೊಂದು ಬೋಲ್ಟನ್ನೂ ಹ್ಯಾಮರನ್ನೂ ಸೇರಿಸುತ್ತದೆ. ಟಿಪ್‌ಮನ್‌ನವರ ಬಿಡಿಭಾಗಗಳ ಪಟ್ಟಿಯಲ್ಲಿ ಹ್ಯಾಮರ್‌ಗೆ ರಿಯರ್ ಬೋಲ್ಟ್ ಅಂತ ಹೆಸರು, ಮೇನ್ ಸ್ಪ್ರಿಂಗ್‌ಗೆ ಡ್ರೈವ್ ಸ್ಪ್ರಿಂಗ್. ಹೆಸರು ಬೇರೆ, ಕೆಲಸ ಒಂದೇ.

ಕಾಕ್ ಆದಾಗ ಹ್ಯಾಮರ್ ಹಿಂದೆ ಇರುತ್ತದೆ, ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ, ಸಿಯರ್ ಅನ್ನುವ ಸಣ್ಣ ಕೊಕ್ಕೆ ಹ್ಯಾಮರನ್ನು ಹಿಡಿದಿರುತ್ತದೆ. ಬೋಲ್ಟ್ ಹಿಂದಿರುವುದರಿಂದ ಮೇಲಿನ ಹಾಪರ್‌ನಿಂದ ಒಂದು ಬಾಲ್ ಕೆಳಗಿಳಿದು ಕಾಯುತ್ತಿರುತ್ತದೆ. ಟ್ರಿಗರ್ ಎಳೆದರೆ ಸಿಯರ್ ಜಾರುತ್ತದೆ, ಸ್ಪ್ರಿಂಗ್ ಹ್ಯಾಮರನ್ನು ಮುಂದಕ್ಕೆ ತಳ್ಳುತ್ತದೆ. ಜೊತೆಗೆ ಬೋಲ್ಟ್ ಕೂಡ ಮುಂದೆ ಹೋಗಿ ಬಾಲನ್ನು ಬ್ಯಾರೆಲ್‌ಗೆ ನೂಕಿ ದಾರಿ ಮುಚ್ಚುತ್ತದೆ. ಓಟದ ಕೊನೆಯಲ್ಲಿ ಹ್ಯಾಮರ್ ವಾಲ್ವಿನ ಪಿನ್‌ಗೆ ಟಪ್ ಅಂತ ಬಡಿಯುತ್ತದೆ, ವಾಲ್ವ್ ತೆರೆಯುತ್ತದೆ.

ಈಗ ಗ್ಯಾಸಿಗೆ ಎರಡು ದಾರಿ. ಒಂದು ಪಾಲು ಬೋಲ್ಟಿನೊಳಗಿಂದ ಹೋಗಿ ಬಾಲನ್ನು ಹಾರಿಸುತ್ತದೆ. ಇನ್ನೊಂದು ಪಾಲು ಹಿಂದಕ್ಕೆ ನುಗ್ಗಿ ಹ್ಯಾಮರ್‌ನ ಮುಖಕ್ಕೆ ಒದೆಯುತ್ತದೆ. ಹ್ಯಾಮರ್ ಹಿಂದಕ್ಕೆ ಸರಿದು, ಸ್ಪ್ರಿಂಗನ್ನು ಮತ್ತೆ ಒತ್ತಿ, ಸಿಯರ್ ದಾಟಿದ ಮೇಲೆ ಸಿಕ್ಕಿಕೊಳ್ಳುತ್ತದೆ. ವಾಲ್ವ್ ತೆರೆದಿರುವುದು ಕೆಲವೇ ಮಿಲಿಸೆಕೆಂಡ್. ಈ ಹೊತ್ತಿಗೆ ಡ್ವೆಲ್ ಅನ್ನುತ್ತಾರೆ. ವೇಗದ ಲೆಕ್ಕವೆಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ: ಎಷ್ಟು ಪ್ರೆಶರ್, ಎಷ್ಟು ಅಗಲ ತೆರೆಯಿತು, ಎಷ್ಟು ಹೊತ್ತು.

ವಾಲ್ವನ್ನು ಹಿಡಿದಿರುವುದು ಯಾರು?

ವಾಲ್ವ್ ಅಂದರೆ ಒಂದು ಲೋಹದ ತುಂಡಿನಲ್ಲಿ ದುಂಡನೆಯ ತೂತು. ಆ ತೂತಿನ ಅಂಚಿಗೆ ಸೀಟು ಅನ್ನುತ್ತಾರೆ. ಸೀಟಿನ ಮೇಲೆ ಕೂತು ಮುಚ್ಚುವ ಬಿಲ್ಲೆ ಕಪ್ ಸೀಲ್, ಪ್ಲಾಸ್ಟಿಕ್ ಅಥವಾ ಯುರೆಥೇನ್‌ನದು. ಅದಕ್ಕೆ ಅಂಟಿಕೊಂಡ ಪಿನ್ ತೂತಿನ ಮೂಲಕ ಹ್ಯಾಮರ್ ಕಡೆಗೆ ಚಾಚಿರುತ್ತದೆ. ಕಪ್ ಸೀಲ್‌ನ ಇನ್ನೊಂದು ಬದಿಯಲ್ಲಿ ಸಣ್ಣ ವಾಲ್ವ್ ಸ್ಪ್ರಿಂಗ್, ಮತ್ತು ಗ್ಯಾಸ್. ಬೈಕಿನ ಟಯರ್ ವಾಲ್ವ್ ನೆನಪಿಸಿಕೊಳ್ಳಿ. ಒಳಗಿನ ಗಾಳಿಯೇ ಅದನ್ನು ಒತ್ತಿ ಮುಚ್ಚಿರುತ್ತದೆ, ನಡುವಿನ ಪಿನ್ ಒತ್ತಿದರೆ ಬುಸ್ ಅನ್ನುತ್ತದೆ. ಇದೂ ಅದೇ ಕುಲ.

ಸ್ವಲ್ಪ ಲೆಕ್ಕ ಹಾಕೋಣ. ಸೀಟಿನ ತೂತು 8 ಮಿ.ಮೀ. ಅಗಲ ಇದೆ ಅಂದುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 50 ಚದರ ಮಿ.ಮೀ. ಒಳಗಿನ ಒತ್ತಡ 850 ಪಿಎಸ್‌ಐ (ಒಂದು ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ). ಆಗ ಗ್ಯಾಸು ಕಪ್ ಸೀಲನ್ನು ಒತ್ತುವ ಬಲ ಸುಮಾರು 30 ಕೆಜಿ ತೂಕದಷ್ಟು. ಬೆರಳ ತುದಿಯಷ್ಟು ಬಿಲ್ಲೆಯ ಮೇಲೆ ಒಂದು ದೊಡ್ಡ ಅಕ್ಕಿ ಮೂಟೆ! ವಾಲ್ವ್ ಸ್ಪ್ರಿಂಗನ್ನು ನೀವು ಎರಡು ಬೆರಳಲ್ಲಿ ಒತ್ತಬಹುದು. ಯಾರು ಮುಚ್ಚುತ್ತಿದ್ದಾರೆ ಅಂತ ಈಗ ಹೇಳಿ.

ಹಾಗಾದ್ರೆ ವಾಲ್ವ್ ಸ್ಪ್ರಿಂಗ್ ಯಾಕೆ ಬೇಕು? ಎರಡು ಕಾರಣಕ್ಕೆ. ಗ್ಯಾಸ್ ಇಲ್ಲದಾಗ ಕಪ್ ಸೀಲ್ ಸೀಟಿನ ಮೇಲೆ ನೆಟ್ಟಗೆ ಕೂತಿರಬೇಕು, ಇಲ್ಲದಿದ್ದರೆ ಸಿಲಿಂಡರ್ ತಿರುಗಿಸಿದ ಕೂಡಲೇ ಬಂದ ಗ್ಯಾಸು ಮುಚ್ಚುವ ಬದಲು ಪಕ್ಕದಿಂದ ಸೋರಿ ಹೋಗುತ್ತದೆ. ಎರಡನೆಯದು, ವಾಲ್ವ್ ತೆರೆದಾಗ ಗ್ಯಾಸು ಎರಡೂ ಬದಿಗೆ ಹರಡುವುದರಿಂದ ಮುಚ್ಚುವ ಬಲ ಕುಗ್ಗುತ್ತದೆ. ಆ ಗಳಿಗೆಯಲ್ಲಿ ಸ್ಪ್ರಿಂಗಿನ ಸಣ್ಣ ತಳ್ಳೂ ಲೆಕ್ಕಕ್ಕೆ ಬರುತ್ತದೆ. ಬಿಗಿ ವಾಲ್ವ್ ಸ್ಪ್ರಿಂಗ್ ಹಾಕಿದರೆ ಬೇಗ ಮುಚ್ಚುತ್ತದೆ, ವೇಗ ಇಳಿಯುತ್ತದೆ, ಗ್ಯಾಸು ಉಳಿಯುತ್ತದೆ. ಮೆದು ಹಾಕಿದರೆ ತಡವಾಗಿ ಮುಚ್ಚುತ್ತದೆ, ವೇಗ ಏರುತ್ತದೆ, ಗ್ಯಾಸು ಪೋಲು.

ಕಾಕ್ ಮಾಡದೆ ಸಿಲಿಂಡರ್ ಹಾಕಿದರೆ ಬ್ಯಾರೆಲ್‌ನಿಂದ ಗ್ಯಾಸು ಸುಯ್ಯಂತ ಹೋಗುವುದಕ್ಕೂ ಉತ್ತರ ಇಲ್ಲೇ ಇದೆ. ಕಾಕ್ ಆಗದ ಹ್ಯಾಮರ್ ಮೇನ್ ಸ್ಪ್ರಿಂಗಿನ ಒತ್ತಡದಲ್ಲಿ ಪಿನ್ ಮೇಲೆ ಒರಗಿ ನಿಂತಿರುತ್ತದೆ. ಗ್ಯಾಸ್ ಇಲ್ಲದಾಗ ಮೇನ್ ಸ್ಪ್ರಿಂಗ್ ಗೆಲ್ಲುತ್ತದೆ, ವಾಲ್ವ್ ಸ್ವಲ್ಪ ತೆರೆದೇ ಇರುತ್ತದೆ. ಎಷ್ಟೋ ಜನ ಇದನ್ನು "ಸೀಲ್ ಹೋಗಿದೆ" ಅಂದುಕೊಂಡು ಮಾರ್ಕರ್ ಬಿಚ್ಚಲು ಕೂರುತ್ತಾರೆ. ಕಾಕ್ ಮಾಡಿ, ಆಮೇಲೆ ಸಿಲಿಂಡರ್ ಹಾಕಿ. ಅಷ್ಟೇ.

ಜಾಸ್ತಿ ಪ್ರೆಶರ್ ಇದ್ದರೂ ವೇಗ ಇಳಿಯೋದು ಯಾಕೆ

ಹೊಸಬರಿಗೆ ನಂಬಿಕೆ ಬರದ ವಿಷಯ ಇದು. ಪ್ರೆಶರ್ ಏರಿಸುತ್ತಾ ಹೋದರೆ ಒಂದು ಹಂತದವರೆಗೆ ವೇಗ ಏರುತ್ತದೆ, ಆಮೇಲೆ ನಿಲ್ಲುತ್ತದೆ, ಇನ್ನೂ ಏರಿಸಿದರೆ ಇಳಿಯಲು ಶುರುವಾಗುತ್ತದೆ. ಹ್ಯಾಮರ್ ಬಡಿಯುವ ಬಲ ಅಷ್ಟೇ ಇದೆ. ಕಪ್ ಸೀಲ್ ಮೇಲಿನ ಮೂಟೆ ಮಾತ್ರ ಭಾರವಾಗುತ್ತಿದೆ. ವಾಲ್ವ್ ಕಡಿಮೆ ತೆರೆದು ಬೇಗ ಮುಚ್ಚಿಬಿಡುತ್ತದೆ.

ಒತ್ತಡವನ್ನು ಬೇಕಾದ ಮಟ್ಟಕ್ಕೆ ಇಳಿಸಿ ಕೊಡುವ ರೆಗ್ಯುಲೇಟರ್ ಇರುವ ಮಾರ್ಕರ್‌ನಲ್ಲಿ ಈ ತುದಿಯನ್ನು ಹುಡುಕಬಹುದು. ಮೇನ್ ಸ್ಪ್ರಿಂಗ್ ಮುಟ್ಟದೆ ಪ್ರೆಶರನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಬಾಲಿನ ವೇಗ ಅಳೆಯುವ ಯಂತ್ರ, ಅಂದರೆ ಕ್ರೋನೋದಲ್ಲಿ ವೇಗ ನೋಡಿ ಬರೆದುಕೊಳ್ಳಿ. ವೇಗ ಏರುವುದು ನಿಂತ ಜಾಗವೇ ಆ ಹ್ಯಾಮರಿಗೆ, ಆ ಸ್ಪ್ರಿಂಗಿಗೆ ಸರಿಯಾದ ಪ್ರೆಶರ್. ಅಲ್ಲಿ ಇಟ್ಟರೆ ಇನ್ನೊಂದು ಲಾಭ: ಪ್ರೆಶರ್ ಸ್ವಲ್ಪ ಆಚೀಚೆಯಾದರೂ ವೇಗ ಅಷ್ಟಾಗಿ ಅಲ್ಲಾಡುವುದಿಲ್ಲ. ಮಾರ್ಕರ್ ಒಂದೇ ಸಮ ಹೊಡೆಯಬೇಕು ಅನ್ನುವವರಿಗೆ ದುಬಾರಿ ಬ್ಯಾರೆಲ್‌ಗಿಂತ ಇದು ಮುಖ್ಯ, ನನ್ನ ಲೆಕ್ಕದಲ್ಲಿ. ಈ ಪರೀಕ್ಷೆಯಲ್ಲಿ ವೇಗ ಮೈದಾನದ ಮಿತಿ ದಾಟುತ್ತಿದ್ದರೆ ಅಲ್ಲೇ ನಿಲ್ಲಿಸಿ ಮೇನ್ ಸ್ಪ್ರಿಂಗ್ ಸಡಿಲಿಸಿ, ಮತ್ತೆ ಮೊದಲಿಂದ ನೋಡಿ.

ಗ್ಯಾಸು ಸರಿಯಿದೆಯಾ ಅಂತ ಮೊದಲು ನೋಡಿ

ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ನಲ್ಲಿ ಇರುವುದು ದ್ರವ. ಅದರ ಮೇಲಿನ ಗ್ಯಾಸಿನ ಒತ್ತಡ ಬಿಸಿಲಿಗೆ, ಚಳಿಗೆ ತಕ್ಕಂತೆ ಕುಣಿಯುತ್ತದೆ. 0 ಡಿಗ್ರಿಯಲ್ಲಿ ಸುಮಾರು 505 ಪಿಎಸ್‌ಐ. 15 ಡಿಗ್ರಿಯಲ್ಲಿ 740ರ ಹತ್ತಿರ. 30 ಡಿಗ್ರಿಯಲ್ಲಿ 1,045ರ ಆಸುಪಾಸು. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆಗೂ ಮಾರ್ಚ್ ಮಧ್ಯಾಹ್ನಕ್ಕೂ ಇಷ್ಟು ಅಂತರ ಸಹಜ, ಅಲ್ವಾ? ಬೆಳಗ್ಗೆ ಸರಿಯಾಗಿ ಹೊಂದಿಸಿದ ಮಾರ್ಕರ್ ಮಧ್ಯಾಹ್ನ ಬೇರೆ ವೇಗ ತೋರಿಸಿದರೆ ಸ್ಪ್ರಿಂಗಿನ ಮೇಲೆ ಗೂಬೆ ಕೂರಿಸಬೇಡಿ. ಬಿಡದೆ ಹೊಡೆಯುತ್ತಿದ್ದರೂ ಇದೇ ಕಥೆ: ದ್ರವ ಆವಿಯಾಗುವಾಗ ಸಿಲಿಂಡರ್ ತಣ್ಣಗಾಗುತ್ತದೆ, ಒತ್ತಡ ಬೀಳುತ್ತದೆ. ಕೈಯಲ್ಲಿ ಮುಟ್ಟಿದರೇ ಗೊತ್ತಾಗುತ್ತದೆ. ಕೆಲವೊಮ್ಮೆ ಮೇಲೆ ಹಿಮ ಕೂತಿರುತ್ತದೆ. ಸಿಲಿಂಡರ್ ಬಾಯಿ ಕೆಳಗಾಗುವಂತೆ ಹಿಡಿದರೆ ದ್ರವವೇ ವಾಲ್ವಿಗೆ ನುಗ್ಗುತ್ತದೆ. ಆ ತಣ್ಣನೆಗೆ ಓ-ರಿಂಗ್‌ಗಳು, ಅಂದರೆ ಗ್ಯಾಸು ಸೋರದಂತೆ ತಡೆಯುವ ರಬ್ಬರ್ ಉಂಗುರಗಳು, ಗಟ್ಟಿಯಾಗಿ ಸೋರಲು ಶುರುಮಾಡುತ್ತವೆ.

31 ಡಿಗ್ರಿ ದಾಟಿದರೆ ಕಾರ್ಬನ್ ಡೈಆಕ್ಸೈಡ್ ದ್ರವವಾಗಿ ಉಳಿಯುವುದೇ ಇಲ್ಲ. ಅಲ್ಲಿಂದ ಮುಂದೆ ಸಿಲಿಂಡರ್ ಎಷ್ಟು ತುಂಬಿದೆ ಅನ್ನುವುದರ ಮೇಲೆ ಒತ್ತಡ ಸರಸರ ಏರುತ್ತದೆ. ಕಲಬುರಗಿ, ರಾಯಚೂರು ಕಡೆಯ ಏಪ್ರಿಲ್ ಬಿಸಿಲಲ್ಲಿ ತುಂಬಿದ ಸಿಲಿಂಡರನ್ನು ಕಾರಿನೊಳಗೆ ಬಿಟ್ಟು ಹೋಗುವ ಕೆಲಸ ಮಾತ್ರ ಬೇಡ.

ಎಚ್‌ಪಿಎ, ಅಂದರೆ ಒತ್ತಿ ತುಂಬಿದ ಗಾಳಿ, ಇದಕ್ಕಿಂತ ಎಷ್ಟೋ ವಾಸಿ. ಸಿಲಿಂಡರೊಳಗೆ 3,000 ಅಥವಾ 4,500 ಪಿಎಸ್‌ಐ ಇರುತ್ತದೆ. ತಲೆಯಲ್ಲಿರುವ ರೆಗ್ಯುಲೇಟರ್ ಅದನ್ನು ಸಾಮಾನ್ಯವಾಗಿ 800–850ಕ್ಕೆ ಇಳಿಸಿ ಕೊಡುತ್ತದೆ. 450ಕ್ಕೆ ಇಳಿಸುವ ಮಾದರಿಯೂ ಇದೆ. ಎರಡನೆಯದನ್ನು ಬ್ಲೋಬ್ಯಾಕ್ ಮಾರ್ಕರ್‌ಗೆ ಹಾಕಿ, "ಕಾಕೇ ಆಗ್ತಿಲ್ಲ ಸಾರ್" ಅಂತ ಬರುವವರಿದ್ದಾರೆ. ಅದು ಮಾರ್ಕರ್ ತಪ್ಪಲ್ಲ.

ರೆಗ್ಯುಲೇಟರ್ ಕೂಡ ಸ್ಪ್ರಿಂಗ್-ವಾಲ್ವ್ ಜೋಡಿಯೇ. ಸ್ಪ್ರಿಂಗ್ ಪಿಸ್ಟನನ್ನು ತಳ್ಳಿ ದಾರಿ ತೆರೆದಿಟ್ಟಿರುತ್ತದೆ. ಹೊರಬದಿಯ ಒತ್ತಡ ಸಾಕಷ್ಟು ಏರಿದಾಗ ಅದು ಪಿಸ್ಟನನ್ನು ಹಿಂದಕ್ಕೆ ತಳ್ಳಿ ದಾರಿ ಮುಚ್ಚುತ್ತದೆ. ಸಿಲಿಂಡರ್ ತಲೆಯ ರೆಗ್ಯುಲೇಟರ್‌ನಲ್ಲಿ ಸುರುಳಿ ಸ್ಪ್ರಿಂಗ್ ಬದಲು ಬಟ್ಟಲಿನ ಆಕಾರದ ವಾಷರ್‌ಗಳನ್ನು ಪೇರಿಸಿರುವುದು ಸಾಮಾನ್ಯ. ಇದರ ಸೀಟು ಸವೆದರೆ ಪೂರ್ತಿ ಮುಚ್ಚುವುದಿಲ್ಲ, ಸುಮ್ನೆ ಇಟ್ಟಾಗಲೂ ಒತ್ತಡ ಮೆಲ್ಲಗೆ ತೆವಳಿ ಏರುತ್ತದೆ. ಗುರುತು: ಸ್ವಲ್ಪ ಹೊತ್ತು ಬಿಟ್ಟು ಹೊಡೆದ ಮೊದಲ ಶಾಟ್ ಮಾತ್ರ ವೇಗದಲ್ಲಿ ಬೇರೆ, ಆಮೇಲಿನವು ಸರಿ.

ಬಿಚ್ಚಿ ನೋಡುವುದು

ಸ್ಪೈಡರ್ ಸುಲಭ. ಮೇಲಿನ ಕೊಳವೆಯ ಪಿನ್ ಎಳೆದರೆ ಬೋಲ್ಟ್ ಹೊರಗೆ ಬರುತ್ತದೆ. ಕೆಳಗಿನ ಕೊಳವೆಯ ಹಿಂದಿನ ಮುಚ್ಚಳ ತೆಗೆದರೆ ಮೇನ್ ಸ್ಪ್ರಿಂಗ್, ಅದರ ಗೈಡ್, ಹ್ಯಾಮರ್ ಒಂದಾದ ಮೇಲೊಂದು ಬರುತ್ತವೆ. ಹ್ಯಾಮರ್ ಬರದಿದ್ದರೆ ಟ್ರಿಗರ್ ಒತ್ತಿ ಹಿಡಿಯಿರಿ, ಸಿಯರ್ ಅಡ್ಡ ಇರುತ್ತದೆ.

ಟಿಪ್‌ಮನ್ 98 ಎರಡು ಹೋಳಾಗಿ ತೆರೆದುಕೊಳ್ಳುತ್ತದೆ. ಅಲೆನ್ ಕೀ ಸ್ಕ್ರೂಗಳನ್ನೆಲ್ಲ ತೆಗೆದು, ಮಾರ್ಕರನ್ನು ಮಗ್ಗುಲಾಗಿ ಮಲಗಿಸಿ, ಮೇಲಿನ ಹೋಳನ್ನು ನಿಧಾನವಾಗಿ ಎತ್ತಬೇಕು. ಡ್ರೈವ್ ಸ್ಪ್ರಿಂಗ್ ಚಿಮ್ಮಿ ಮಂಚದ ಕೆಳಗೆ ಸೇರುವುದು ಇದೇ ಗಳಿಗೆಯಲ್ಲಿ. ಒಂದು ಕೈ ಸ್ಪ್ರಿಂಗಿನ ಮೇಲಿರಲಿ. ಎತ್ತಿದ ಕೂಡಲೇ ಏನನ್ನೂ ಮುಟ್ಟದೆ ಮೊಬೈಲಲ್ಲಿ ಫೋಟೋ ಹೊಡೆಯಿರಿ. ಸಿಯರ್ ಸ್ಪ್ರಿಂಗ್ ಯಾವ ಮೂಲೆಯಲ್ಲಿತ್ತು ಅಂತ ಆಮೇಲೆ ನೆನಪಾಗುವುದಿಲ್ಲ.

ನೋಡಬೇಕಾದ್ದು ಮೊದಲು ಹ್ಯಾಮರ್ ಭಾಗದ ಓ-ರಿಂಗ್. ಹಿಂದಕ್ಕೆ ಬಂದ ಗ್ಯಾಸು ಪಕ್ಕದಿಂದ ನುಸುಳದೆ ಹ್ಯಾಮರನ್ನು ಒದೆಯುವಂತೆ ಮಾಡುವುದು ಇದೇ. ಒಣಗಿದ್ದರೆ, ಸೀಳಿದ್ದರೆ, ಚಪ್ಪಟೆಯಾಗಿದ್ದರೆ ಬದಲಿಸಿ. ಎರಡು ರೂಪಾಯಿ ವಸ್ತುವಿಗೋಸ್ಕರ ಸಾವಿರದ ಸ್ಪ್ರಿಂಗ್ ಕಿಟ್ ಕೊಳ್ಳುವವರನ್ನು ಕಂಡರೆ ಬೇಜಾರಾಗುತ್ತದೆ.

ಆಮೇಲೆ ಕಪ್ ಸೀಲ್. ಅದರ ಮುಖದ ಮೇಲೆ ಸೀಟಿನ ಅಂಚು ಒತ್ತಿದ ಗುರುತು ಉಂಗುರದಂತೆ ಕಾಣುತ್ತದೆ. ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿ. ಸುತ್ತಲೂ ಒಂದೇ ಅಗಲ, ಒಂದೇ ಆಳ ಇದ್ದರೆ ಸೀಲ್ ಚೆನ್ನಾಗಿದೆ. ಒಂದು ಕಡೆ ಆಳ, ಇನ್ನೊಂದು ಕಡೆ ತೇಲಿದ್ದರೆ ಪಿನ್ ಸೊಟ್ಟಗಾಗಿದೆ ಅಥವಾ ವಾಲ್ವ್ ಸ್ಪ್ರಿಂಗ್ ಓರೆಯಾಗಿ ಒತ್ತುತ್ತಿದೆ. ಉಂಗುರವನ್ನು ಅಡ್ಡ ಕತ್ತರಿಸುವ ಸಣ್ಣ ಗೀರು ಇದ್ದರೆ ಗ್ಯಾಸು ಸೋರುವ ದಾರಿ ಅದೇ. ಪಿನ್ನನ್ನು ಗಾಜಿನ ಮೇಲೆ ಉರುಳಿಸಿ ನೋಡಿ, ಸೊಟ್ಟಗಿದ್ದರೆ ಕುಂಟುತ್ತದೆ. ಸೀಟನ್ನು ಮಾತ್ರ ಎಮರಿ ಕಾಗದದಲ್ಲಿ ಉಜ್ಜಲು ಹೋಗಬೇಡಿ. ಹತ್ತಿಯ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕೊನೆಗೆ ಸ್ಪ್ರಿಂಗ್‌ಗಳು. ಮೇಜಿನ ಮೇಲೆ ಉರುಳಿಸಿ, ನೆಟ್ಟಗಿದೆಯಾ ನೋಡಿ. ಹೊರಮೈಯಲ್ಲಿ ಒಂದೇ ಬದಿ ಹೊಳೆಯುತ್ತಿದ್ದರೆ ಕೊಳವೆಗೆ ಉಜ್ಜುತ್ತಿದೆ ಅಂತ ಅರ್ಥ. ಹೊಸ ಸ್ಪ್ರಿಂಗಿನ ಪಕ್ಕ ನಿಲ್ಲಿಸಿ ಎತ್ತರ ಹೋಲಿಸಿ. ಗಿಡ್ಡಾಗಿದ್ದರೆ ಕುಗ್ಗಿ ಕೂತಿದೆ. ಕಾಕ್ ಮಾಡಿ ತಿಂಗಳುಗಟ್ಟಲೆ ಇಡಬಾರದು ಅನ್ನುವುದು ಇದಕ್ಕೇ. ಮಂಗಳೂರು, ಉಡುಪಿ ಕಡೆ ಇನ್ನೊಂದು ಕಾಟ, ತುಕ್ಕು. ಸ್ಟೇನ್‌ಲೆಸ್ ಅಲ್ಲದ ಉಕ್ಕಿನ ತಂತಿಯ ಸ್ಪ್ರಿಂಗ್‌ಗೆ ಒಂದು ಮಳೆಗಾಲ ಸಾಕು. ಒರೆಸಿ, ತೆಳ್ಳಗೆ ಎಣ್ಣೆ ಸವರಿ ಇಡಿ.

ಎಣ್ಣೆ ಅಂದರೆ ಪೇಂಟ್‌ಬಾಲ್ ಆಯಿಲ್. ಸಿಲಿಂಡರ್ ಕೂರುವ ಜಾಗಕ್ಕೆ ನಾಲ್ಕೈದು ಹನಿ ಹಾಕಿ, ಬಾಲ್ ಇಲ್ಲದೆ ಕೆಲವು ಸಲ ಹಾರಿಸಿದರೆ ಗ್ಯಾಸೇ ಅದನ್ನು ಒಳಗೆಲ್ಲ ಹರಡುತ್ತದೆ. ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ ಬೇಡ, ಅದರ ದ್ರಾವಕಕ್ಕೆ ಸೀಲ್‌ಗಳು ಊದಿಕೊಳ್ಳಬಹುದು. ಎಚ್‌ಪಿಎ ಸಿಲಿಂಡರ್ ತುಂಬುವ ನಿಪ್ಪಲ್‌ಗಂತೂ ಎಣ್ಣೆ, ಗ್ರೀಸ್ ಯಾವುದೂ ಬೇಡ. ತುಂಬುವಾಗ ಒಮ್ಮೆಲೇ ಒತ್ತಡ ಏರಿ ಹುಟ್ಟುವ ಕಾವಿಗೆ ಪೆಟ್ರೋಲಿಯಂ ಎಣ್ಣೆ ಹೊತ್ತಿಕೊಳ್ಳಬಲ್ಲದು.

ಕ್ರೋನೋ ಮುಂದೆ ಹೊಂದಿಸುವುದು

.68 ಕ್ಯಾಲಿಬರ್ ಬಾಲ್ ಸುಮಾರು 3 ಗ್ರಾಂ ತೂಗುತ್ತದೆ. ಹೊರಾಂಗಣ ಮೈದಾನಗಳಲ್ಲಿ ಮಿತಿ ಸಾಮಾನ್ಯವಾಗಿ ಸೆಕೆಂಡಿಗೆ 280ರಿಂದ 300 ಅಡಿ. 300 ಅಡಿ ಅಂದರೆ 91 ಮೀಟರ್, ಬಾಲಿನಲ್ಲಿರುವ ಶಕ್ತಿ ಆಗ 12 ಜೂಲ್ ಚಿಲ್ಲರೆ. ಒಳಾಂಗಣದಲ್ಲಿ ಇನ್ನೂ ಕಡಿಮೆ ಇಡುತ್ತಾರೆ.

ಮೊದಲು ಬಾಲ್ ಮತ್ತು ಬ್ಯಾರೆಲ್ ಹೊಂದುತ್ತವಾ ನೋಡಿ. ಬ್ಯಾರೆಲನ್ನು ಮಾರ್ಕರಿನಿಂದ ತೆಗೆದು, ಹಿಂಬದಿಯಿಂದ ಬಾಲ್ ಹಾಕಿ. ಉರುಳಿ ಬಿದ್ದರೆ ಸಡಿಲ. ನಿಂತು, ಊದಿದರೆ ಹೊರಟರೆ ಸರಿ. ಸಡಿಲ ಬಾಲಿನ ಪಕ್ಕದಿಂದ ಗ್ಯಾಸು ಹೋಗಿಬಿಡುತ್ತದೆ, ನೀವು ಸ್ಪ್ರಿಂಗ್ ಬಿಗಿ ಮಾಡುತ್ತಲೇ ಇರುತ್ತೀರಿ.

ಆಮೇಲೆ ಐದಾರು ಶಾಟ್ ಹೊಡೆದು ಎಲ್ಲ ಅಂಕಿ ಬರೆದುಕೊಳ್ಳಿ. ಒಂದೇ ಶಾಟ್ ನೋಡಿ ಸ್ಕ್ರೂ ತಿರುಗಿಸುವುದು ಬೇಡ. ಸ್ಪೈಡರಿನಲ್ಲಿ ಹಿಂದಿನ ಸ್ಕ್ರೂ ಒಳಗೆ ಹೋದಷ್ಟೂ ಮೇನ್ ಸ್ಪ್ರಿಂಗ್ ಬಿಗಿಯಾಗುತ್ತದೆ, ವೇಗ ಏರುತ್ತದೆ. ಟಿಪ್‌ಮನ್ 98ರಲ್ಲಿ ಉಲ್ಟಾ. ಅಲ್ಲಿ ಪಕ್ಕದ ಸ್ಕ್ರೂ ಸ್ಪ್ರಿಂಗನ್ನು ಮುಟ್ಟುವುದೇ ಇಲ್ಲ, ಗ್ಯಾಸು ಹೋಗುವ ದಾರಿಗೆ ಅಡ್ಡ ನಿಲ್ಲುತ್ತದೆ. ಒಳಗೆ ತಿರುಗಿಸಿದರೆ ವೇಗ ಇಳಿಯುತ್ತದೆ. ಒಂದರಲ್ಲಿ ಕೈ ಪಳಗಿಸಿಕೊಂಡವರು ಇನ್ನೊಂದರಲ್ಲಿ ಎಡವುವುದು ಇಲ್ಲೇ. ಕಾಲು ಸುತ್ತು ತಿರುಗಿಸಿ, ಎರಡು ಶಾಟ್ ಗಾಳಿಗೆ ಬಿಟ್ಟು, ಮತ್ತೆ ಅಳೆಯಿರಿ.

ವೇಗದ ಅಂಕಿಗಳು ಹತ್ತು ಅಡಿ ಒಳಗೇ ಓಡಾಡುತ್ತಿದ್ದರೆ ಬ್ಲೋಬ್ಯಾಕ್ ಮಾರ್ಕರ್‌ಗೆ ಅದು ಚೆನ್ನಾಗೇ ಆಯ್ತು. ಮೂವತ್ತು ಅಡಿ ಹಾರಾಡುತ್ತಿದ್ದರೆ ಸ್ಕ್ರೂ ಬಿಡಿ, ಗ್ಯಾಸ್ ಮತ್ತು ಓ-ರಿಂಗ್ ಕಡೆ ಹೋಗಿ.

ಸ್ಪ್ರಿಂಗ್ ಬದಲಿಸಲೇಬೇಕು ಅಂದರೆ

ಸುರುಳಿ ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ. 1 ಮಿ.ಮೀ. ತಂತಿಯ ಬದಲು 1.1 ಮಿ.ಮೀ. ಬಂದರೆ, ಉಳಿದದ್ದೆಲ್ಲ ಹಾಗೇ ಇದ್ದರೆ, ಬಿಗಿ 46 ಶೇಕಡ ಜಾಸ್ತಿ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಡಬ್ಬದಲ್ಲಿರುವ ಸಿಕ್ಕ ಸ್ಪ್ರಿಂಗ್ ಹಾಕಿ ನೋಡುವ ಅಭ್ಯಾಸ ಒಳ್ಳೆಯದಲ್ಲ.

ಇನ್ನೊಂದು ಹಳೆಯ ಉಪಾಯ, ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸುವುದು. ಕತ್ತರಿಸಿದರೆ ಮೆದುವಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜಕ್ಕೂ ಬಿಗಿ ಹೆಚ್ಚುತ್ತದೆ, ಕಡಿಮೆಯಾಗುವುದು ಉದ್ದ. ಲೆಕ್ಕಕ್ಕೆ 20 ಸುತ್ತಿನ, 80 ಮಿ.ಮೀ. ಉದ್ದದ ಸ್ಪ್ರಿಂಗ್ ಇಟ್ಟುಕೊಳ್ಳಿ. ಮಾರ್ಕರ್ ಒಳಗೆ ಕೂತಾಗ 65 ಮಿ.ಮೀ., ಕಾಕ್ ಮಾಡಿದಾಗ 35 ಮಿ.ಮೀ. ಒಂದು ಸುತ್ತು ತೆಗೆದರೆ ಉದ್ದ 76 ಆಗುತ್ತದೆ, ಬಿಗಿ 5 ಶೇಕಡ ಏರುತ್ತದೆ. ಆದರೂ ಒಟ್ಟಾರೆ ಹ್ಯಾಮರಿಗೆ ಸಿಗುವ ಶಕ್ತಿ ಸುಮಾರು 9 ಶೇಕಡ ಇಳಿಯುತ್ತದೆ. ವೇಗ ಇಳಿಯುವುದು ಇದರಿಂದ. ಕತ್ತರಿಸಿದ ತುದಿ ಚಪ್ಪಟೆಯಾಗಿ ಕೂರದೆ ಕೊರೆಯುತ್ತದೆ, ಓರೆಯಾಗಿ ತಳ್ಳುತ್ತದೆ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು. ಗಿಡ್ಡ ಮಾಡುವ ಬದಲು ಸ್ಕ್ರೂ ಸಡಿಲಿಸಿ ನೋಡಿ. ಅದೂ ಸಾಲದಿದ್ದರೆ ಅದೇ ಮಾರ್ಕರಿಗೆ ಮಾಡಿದ ಮೆದು ಸ್ಪ್ರಿಂಗ್ ತನ್ನಿ.

ಮೇನ್ ಸ್ಪ್ರಿಂಗ್ ಬಿಗಿ ಮಾಡಿದರೆ ಹ್ಯಾಮರ್ ಜೋರಾಗಿ ಬಡಿಯುತ್ತದೆ, ನಿಜ. ಆದರೆ ಅದೇ ಸ್ಪ್ರಿಂಗನ್ನು ಹಿಂದಕ್ಕೆ ಒತ್ತಲು ಗ್ಯಾಸಿಗೂ ಜಾಸ್ತಿ ಬಲ ಬೇಕು. ಅತಿಯಾದರೆ ಹ್ಯಾಮರ್ ಸಿಯರ್ ತನಕ ತಲುಪದೆ ಮತ್ತೆ ಮುಂದೆ ಬರುತ್ತದೆ. ಹಾಗಾಗಿ ಮೇನ್ ಸ್ಪ್ರಿಂಗ್ ಬದಲಿಸಿದ ದಿನ ವಾಲ್ವ್ ಸ್ಪ್ರಿಂಗ್ ಮುಟ್ಟಬೇಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಕ್ರೋನೋದ ಅಂಕಿ ಯಾವುದರಿಂದ ಬದಲಾಯಿತು ಅಂತ ದೇವರಿಗೇ ಗೊತ್ತು.

ಯಾವ ಲಕ್ಷಣಕ್ಕೆ ಎಲ್ಲಿ ಕೈ ಹಾಕಬೇಕು

ಒಮ್ಮೆ ಟ್ರಿಗರ್ ಎಳೆದರೆ ಬರ್ರ್ ಅಂತ ತಾನೇ ಹೊಡೆಯುತ್ತಾ ಹೋದರೆ, ಹ್ಯಾಮರ್ ಹಿಂದಕ್ಕೆ ಬರುತ್ತಿದೆ, ಆದರೆ ಸಿಯರ್ ಹಿಡಿಯುತ್ತಿಲ್ಲ. ಮೊದಲ ಅನುಮಾನ ಗ್ಯಾಸ್ ಖಾಲಿಯಾಗುತ್ತಾ ಬಂದಿದೆ ಅನ್ನುವುದು. ತುಂಬಿದ ಸಿಲಿಂಡರ್ ಹಾಕಿದರೂ ಹಾಗೇ ಆದರೆ ಹ್ಯಾಮರ್ ಓ-ರಿಂಗ್. ಅದೂ ಸರಿಯಿದ್ದರೆ ಸಿಯರಿನ ತುದಿ ಸವೆದು ದುಂಡಗಾಗಿದೆಯಾ, ಸಿಯರ್ ಸ್ಪ್ರಿಂಗ್ ಜಾಗದಲ್ಲಿದೆಯಾ ನೋಡಿ. ಅಲ್ಲಿಯವರೆಗೆ ಆ ಮಾರ್ಕರನ್ನು ಮೈದಾನಕ್ಕೆ ತರಬೇಡಿ.

ಕಾಕ್ ಆಗಿದ್ದರೂ ಬ್ಯಾರೆಲಿನಿಂದ ಸಣ್ಣಗೆ ಗ್ಯಾಸು ಬರುತ್ತಿದ್ದರೆ ಕಪ್ ಸೀಲ್. ಪರೀಕ್ಷೆಗೆ ಮಾಸ್ಕ್ ಹಾಕಿಕೊಂಡು, ಬಾಲ್ ಇಲ್ಲದ ಮಾರ್ಕರ್ ಬಾಯಿಗೆ ತೆಳು ಕಾಗದ ಹಿಡಿಯಿರಿ. ಅಲ್ಲಾಡಿದರೆ ಸೋರುತ್ತಿದೆ. ಬಗ್ಗಿ ಒಳಗೆ ನೋಡುವುದು ಬೇಡವೇ ಬೇಡ. ಬಿಚ್ಚುವ ಮೊದಲು ಎಣ್ಣೆ ಬಿಟ್ಟು ಹತ್ತಿಪ್ಪತ್ತು ಸಲ ಸುಮ್ನೆ ಹಾರಿಸಿ. ಸೀಟಿನಲ್ಲಿ ಸಿಕ್ಕಿದ ಮರಳಿನ ಕಣ ಹಾರಿಹೋಗಿ ತಾನೇ ಸರಿಯಾಗುವುದುಂಟು.

ಸಿಲಿಂಡರ್ ಕೂರುವ ಜಾಗದಲ್ಲಿ ಸೋರಿದರೆ ಸಿಲಿಂಡರ್ ತುದಿಯ ಓ-ರಿಂಗ್, 015 ನಂಬರಿನದು. ಬ್ಯಾಗಿನಲ್ಲಿ ಹತ್ತು ಇಟ್ಟುಕೊಳ್ಳಿ. ಬೇರೆಲ್ಲಾದರೂ ಸೋರುವ ಅನುಮಾನವಿದ್ದರೆ ಸೋಪು ನೀರು ಹಚ್ಚಿ, ಗುಳ್ಳೆ ಹೇಳುತ್ತದೆ.

ಟ್ರಿಗರ್ ಎಳೆದರೆ ಟಕ್ ಅಂತ ಸದ್ದು ಮಾತ್ರ ಬಂದು, ಬಾಲ್ ಹೋಗದೆ ನಿಂತರೆ ಗ್ಯಾಸು ವಾಲ್ವಿಗೆ ತಲುಪಿಲ್ಲ. ಸಿಲಿಂಡರ್ ಪೂರ್ತಿ ತಿರುಗಿಲ್ಲ ಅಂತಲೇ ಹೆಚ್ಚು ಸಲ. ಬಾಲುಗಳು ಬ್ರೀಚಿನಲ್ಲೇ ಒಡೆಯುತ್ತಿದ್ದರೆ ಸ್ಪ್ರಿಂಗ್ ಜೋರಾಯಿತು ಅಂತ ಹೇಳುವವರು ಸಿಗುತ್ತಾರೆ. ಬಹುತೇಕ ಬಾಲ್ ಪೂರ್ತಿ ಇಳಿಯುವ ಮೊದಲೇ ಟ್ರಿಗರ್ ಎಳೆದಿರುತ್ತಾರೆ, ಅಥವಾ ಬಾಲು ಹಳೆಯದು. ಜೆಲಾಟಿನ್ ಸಿಪ್ಪೆ ತೇವಕ್ಕೆ ಊದಿಕೊಳ್ಳುತ್ತದೆ, ಚಳಿಗೆ ಪೆಡಸಾಗುತ್ತದೆ.

ಬೇರೆ ಜಾತಿಯ ಮಾರ್ಕರ್‌ಗಳಲ್ಲಿ

ಮೂಲದಲ್ಲಿ ಇದು ಆಟದ ಸಾಮಾನೇ ಅಲ್ಲ. ಅಮೆರಿಕದ ನೆಲ್ಸನ್ ಪೇಂಟ್ ಕಂಪನಿಗಾಗಿ ಮಾಡಿದ ನೆಲ್-ಸ್ಪಾಟ್ 007 ಮರಗಳಿಗೆ, ದನಗಳಿಗೆ ದೂರದಿಂದ ಬಣ್ಣದ ಗುರುತು ಹಾಕಲು ಇದ್ದದ್ದು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಷೈರ್‌ನ ಹೆನಿಕರ್‌ನಲ್ಲಿ 12 ಜನ ಅದನ್ನು ಹಿಡಿದು ಕಾಡಿಗಿಳಿದರು. ಗೆದ್ದವನು ಒಂದು ಶಾಟ್ ಕೂಡ ಹೊಡೆದಿರಲಿಲ್ಲ! ಪ್ರತಿ ಶಾಟ್‌ಗೂ ಕೈಯಿಂದಲೇ ಕಾಕ್ ಮಾಡುವ ಇಂಥ ಮಾರ್ಕರ್‌ಗಳಲ್ಲಿ ಹ್ಯಾಮರನ್ನು ಗ್ಯಾಸು ಒದೆಯಬೇಕಿಲ್ಲ. ಹಾಗಾಗಿ ಮೆದು ಸ್ಪ್ರಿಂಗ್ ಹಾಕಿಕೊಂಡು ಗ್ಯಾಸು ಉಳಿಸಬಹುದು.

ಎಲೆಕ್ಟ್ರಾನಿಕ್ ಪಾಪೆಟ್ ಮಾರ್ಕರ್‌ಗಳಲ್ಲಿ, ಉದಾಹರಣೆಗೆ ಪ್ಲಾನೆಟ್ ಎಕ್ಲಿಪ್ಸ್‌ನ ಈಗೋದಲ್ಲಿ, ಕಪ್ ಸೀಲ್ ಥರದ ವಾಲ್ವೇ ಇದೆ. ಆದರೆ ಹ್ಯಾಮರನ್ನು ಓಡಿಸುವುದು ಸ್ಪ್ರಿಂಗ್ ಅಲ್ಲ, ಸೊಲೆನಾಯ್ಡ್ (ಕರೆಂಟಿನಿಂದ ನಡೆಯುವ ಪುಟ್ಟ ವಾಲ್ವ್) ಬಿಟ್ಟುಕೊಡುವ ಕಡಿಮೆ ಒತ್ತಡದ ಗಾಳಿ. ಡ್ವೆಲ್ ಅನ್ನು ಬೋರ್ಡಿನಲ್ಲಿ ಮಿಲಿಸೆಕೆಂಡ್ ಲೆಕ್ಕದಲ್ಲಿ ಹೊಂದಿಸುತ್ತಾರೆ. ಸ್ಪೂಲ್ ಮಾರ್ಕರ್‌ಗಳಲ್ಲಿ ಬಡಿಯುವ ಹ್ಯಾಮರೂ ಇಲ್ಲ, ಕಪ್ ಸೀಲೂ ಇಲ್ಲ. ಬೋಲ್ಟೇ ವಾಲ್ವ್. ಅದು ಸರಿದಾಗ ಓ-ರಿಂಗ್ ದಾಟಿ ಗಾಳಿ ಹೊರಡುತ್ತದೆ. ಅಲ್ಲಿ ಸ್ಪ್ರಿಂಗಿನ ಚಿಂತೆ ಕಡಿಮೆ, ಗ್ರೀಸಿನದು ಜಾಸ್ತಿ. ಓ-ರಿಂಗ್ ಒಣಗಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಹೊಡೆದ ಮೊದಲ ಶಾಟ್ ಅಂಟಿಕೊಂಡಂತಾಗಿ ವೇಗ ಬೀಳುತ್ತದೆ. ಇದೇ ಲಕ್ಷಣವನ್ನು ಬ್ಲೋಬ್ಯಾಕಿನಲ್ಲಿ ಕಂಡರೂ ಮೊದಲು ಎಣ್ಣೆ ಬಿಡಿ, ನಾಲ್ಕು ಸಲ ಹಾರಿಸಿ, ಮತ್ತೆ ಕ್ರೋನೋ ನೋಡಿ.